‘ಪುಸಲಾಯಿಸು’ ಪದವನ್ನು ಎಲ್ಲಿ, ಹೇಗೆ ಬಳಸಬೇಕು?

ಸವಿಮಾತನ್ನೋ ಸಣ್ಣ ಆಸೆಯನ್ನೋ ಮುಂದಿಟ್ಟು, ಒಳಗಿನ ಉದ್ದೇಶವನ್ನು ಮರೆಮಾಚಿ, ಇನ್ನೊಬ್ಬರಿಂದ ತನಗೆ ಬೇಕಾದುದನ್ನು ಮಾಡಿಸಿಕೊಳ್ಳುವುದಕ್ಕೆ ‘ಪುಸಲಾಯಿಸು’ ಎನ್ನುತ್ತೇವೆ. ಹಿಂದಿಯ ‘ಫುಸಲಾನಾ’ ಬಳಗದ ಈ ಪದ, ಚಲಾಯಿಸು, ಜಮಾಯಿಸು ಎಂಬವುಗಳ ಹಾಗೆ ‘ಆಯಿಸು’ ಹಚ್ಚಿಕೊಂಡು ಕನ್ನಡದ್ದೇ ಆಗಿದೆ. ಬರೆಯುವಾಗ ‘ಪ’ಕಾರವೇ ಹೆಚ್ಚು ರೂಢಿ.

ತೀರ್ಥಹಳ್ಳಿ ಕಡೆಯ ಒಂದು ಮನೆಯ ಜಗುಲಿಯನ್ನು ಕಲ್ಪಿಸಿಕೊಳ್ಳಿ. ಜಡಿಮಳೆಯ ದಿನ ಅಡಿಕೆ ತೋಟದ ಚೇಣಿ, ಅಂದರೆ ಫಸಲಿನ ಗುತ್ತಿಗೆ, ಕೇಳಲು ಬಂದವನು ಮನೆಯ ಹಿರಿಯಾಕೆಯ ಎದುರು ಕುಳಿತಿದ್ದಾನೆ. “ಅಮ್ಮಾ, ಈ ಮಳೆಗೆ ಅಡಿಕೆಗೆ ಕೊಳೆರೋಗ ಬರದೆ ಇರಲ್ಲ” ಎಂದಷ್ಟೇ ಹೇಳಿ ಆತ ಸಹಿ ಹಾಕಿಸಿಕೊಂಡರೆ, ಅದು ಹೆದರಿಸಿದ್ದು. ಪೇಟೆಯ ಧಾರಣೆಯನ್ನು ಇದ್ದಂತೆ ತಿಳಿಸಿ, “ಮಗನ ಹತ್ರ ಕೇಳಿ ನಾಳೆ ಹೇಳಿ” ಎಂದು ಕಾದರೆ, ಮನವೊಲಿಸಿದ್ದು. ಧಾರಣೆ ಏರಿರುವುದನ್ನು ಬಚ್ಚಿಟ್ಟು, “ನೀವು ನಮ್ಮಮ್ಮ ಇದ್ದ ಹಾಗೆ, ಮುಂಗಡ ಈಗಲೇ ಎಣಿಸ್ತೀನಿ, ಮಗನಿಗೆ ಆಮೇಲೆ ಹೇಳಿದ್ರಾಯ್ತು” ಎಂದರೆ ಮಾತ್ರ ಪುಸಲಾಯಿಸಿದ್ದು. ಆಕೆಗೆ ತಿಳಿಯಬೇಕಾದದ್ದು ತಿಳಿಯದಂತೆ ಆತ ನೋಡಿಕೊಂಡ ಎಂಬುದೇ ಇಲ್ಲಿನ ಒರೆಗಲ್ಲು. ಈ ಮೂರು ಕ್ರಿಯಾಪದಗಳನ್ನು ಅದಲುಬದಲು ಮಾಡಿದರೆ ಒಬ್ಬರಿಗೆ ಅನ್ಯಾಯವಾಗುವುದು ಖಂಡಿತ.

ಈ ಕ್ರಿಯಾಪದ ದ್ವಿತೀಯಾ ವಿಭಕ್ತಿಯನ್ನು ಬೇಡುತ್ತದೆ: ‘ಅವರನ್ನು ಪುಸಲಾಯಿಸಿದ’. ‘ಆಮಿಷ ಒಡ್ಡು’ ಎಂಬುದಕ್ಕಾದರೆ ಚತುರ್ಥಿ: ‘ಮತದಾರರಿಗೆ ಆಮಿಷ ಒಡ್ಡಿದ’. ಸಂಸ್ಕೃತದಲ್ಲಿ ಆಮಿಷವೆಂದರೆ ಮಾಂಸ, ಬೇಟೆಗೆ ಇಡುವ ಎರೆ. ಆದ್ದರಿಂದ ಅಲ್ಲಿ ಹಣವೋ ಹುದ್ದೆಯೋ, ಕೊಡುವ ವಸ್ತುವೊಂದು ಇರಲೇಬೇಕು. ಪುಸಲಾಯಿಸುವುದಕ್ಕೆ ಬರಿಯ ಮಾತು ಸಾಕು. ‘ಪುಸಲಾಯಿಸಿ ಬರೆಸಿಕೊಂಡ’, ‘ಪುಸಲಾಯಿಸಿ ಕರೆದೊಯ್ದ’ ಎಂದು ಮುಂದಿನ ಕೆಲಸವನ್ನೂ ಜೊತೆಗೇ ಹೇಳುವುದು ಇದರ ಸಹಜ ಬಳಕೆ. ಹಠ ಹಿಡಿದ ಮಗುವಿಗೆ ಊಟ ಮಾಡಿಸುವುದಕ್ಕೂ ಕೆಲವರು ಇದನ್ನೇ ಬಳಸುತ್ತಾರೆ. ‘ರಮಿಸು’ ಎಂಬ ಚೆಂದದ ಮಾತಿರುವಾಗ ತಾಯಿಯ ಮೇಲೆ ಈ ಕಳಂಕವೇಕೆ?

ಸುದ್ದಿ ಬರೆಯುವವರು ಇನ್ನಷ್ಟು ಎಚ್ಚರ ವಹಿಸಬೇಕು. ‘ಪುಸಲಾಯಿಸಿದಾಗ ಬಾಲಕಿ ಒಪ್ಪಿ ಹೋದಳು’ ಎಂಬ ವಾಕ್ಯ ತನ್ನನ್ನು ತಾನೇ ಅಲ್ಲಗಳೆಯುತ್ತದೆ, ಏಕೆಂದರೆ ಆ ಒಪ್ಪಿಗೆ ಸ್ವತಂತ್ರವಾದುದಲ್ಲ ಎಂಬುದೇ ಈ ಪದದ ಅರ್ಥ. ‘ಪುಸಲಾವಣೆಗೆ ಮರುಳಾದಳು’ ಎಂದರೂ ತಪ್ಪಿನ ಭಾರವೆಲ್ಲ ಅವಳ ಹೆಗಲಿಗೇ ಬೀಳುತ್ತದೆ. ಮಾಡಿದವನನ್ನು ಕರ್ತೃಸ್ಥಾನದಲ್ಲಿ ನಿಲ್ಲಿಸಿ, ‘ಆತ ಬಾಲಕಿಯನ್ನು ಪುಸಲಾಯಿಸಿ ಕರೆದೊಯ್ದ’ ಎಂದೇ ಬರೆಯಬೇಕು.