ಕ್ರೀಮು, ಶಾಂಪೂ ಕೊಳ್ಳುವ ಮುಂಚೆ ಡಬ್ಬಿ ತಿರುಗಿಸಿ ನೋಡಿ

ಹೋದ ವರ್ಷ ನಮ್ಮ ಅತ್ತಿಗೆ ಪಾರ್ಲರಿನಿಂದ ಒಂದು ಬಿಳಿ ಡಬ್ಬಿ ತಂದಿದ್ದರು. ಸುಣ್ಣದ ಡಬ್ಬಿಯಷ್ಟು ಪುಟ್ಟದು. ಮುಚ್ಚಳದ ಮೇಲೆ ನೀಲಿ ಪೆನ್ನಿನಲ್ಲಿ "ನೈಟ್" ಅಂತ ಬರೆದಿತ್ತು, ಅಷ್ಟೇ. ಕಂಪನಿ ಹೆಸರಿಲ್ಲ, ಬೆಲೆ ಇಲ್ಲ, ಒಳಗೆ ಏನಿದೆ ಅಂತ ಒಂದಕ್ಷರವೂ ಇಲ್ಲ. ಎಂಟೇ ದಿನಕ್ಕೆ ಮುಖ ಹೊಳೆಯಿತು, ಮನೆಮಂದಿಯೆಲ್ಲ ಹೊಗಳಿದ್ದೇ ಹೊಗಳಿದ್ದು. ಎರಡು ತಿಂಗಳಾದ ಮೇಲೆ ಡಬ್ಬಿ ಖಾಲಿಯಾಗಿ ಹಚ್ಚುವುದು ನಿಂತಿತು ನೋಡಿ, ಮುಖವೆಲ್ಲ ಕೆಂಪು, ಸಣ್ಣ ಸಣ್ಣ ಗುಳ್ಳೆ, ಬಿಸಿಲಿಗೆ ಹೋದರೆ ಮೆಣಸಿನಕಾಯಿ ಸವರಿದ ಹಾಗೆ ಉರಿ. ಚರ್ಮದ ಡಾಕ್ಟರು ಕಥೆ ಕೇಳಿಯೇ ಹೇಳಿದರು, "ಇದರಲ್ಲಿ ಸ್ಟೀರಾಯ್ಡ್ ಇತ್ತು ಅನ್ಸುತ್ತಮ್ಮ." ಸರಿಹೋಗಲು ಆರು ತಿಂಗಳು ಹಿಡಿಯಿತು.

ತಮಾಷೆ ಏನಂದರೆ ಇದೇ ಅತ್ತಿಗೆ ಶಾಂಪೂ ಕೊಳ್ಳುವಾಗ "ಪ್ಯಾರಾಬೆನ್ ಫ್ರೀ", ಅಂದರೆ ಕೆಡದಂತೆ ಹಾಕುವ ಪ್ಯಾರಾಬೆನ್ ಇದರಲ್ಲಿಲ್ಲ, ಅಂತ ಬರೆದಿದೆಯಾ ಅಂತ ಮೂರು ಸಲ ನೋಡುವವರು. ನಮ್ಮಲ್ಲಿ ಜಾಸ್ತಿ ಜನ ಹೀಗೇ. ಅಪಾಯ ಇರುವುದು ಒಂದು ಕಡೆ, ನಾವು ಹೆದರುವುದು ಇನ್ನೊಂದು ಕಡೆ. ಅದಕ್ಕೇ ಏನು ಕೊಳ್ಳಬೇಕು ಅನ್ನುವ ಮೊದಲು ಮನೆಯಿಂದ ಏನು ಹೊರಗೆ ಹೋಗಬೇಕು ಅಂತ ಹೇಳಿಬಿಡುತ್ತೇನೆ.

ಮೊದಲು ಇವು ಹೊರಗೆ

ಹೆಸರು, ವಿಳಾಸ ಇಲ್ಲದ ಬೆಳ್ಳಗಾಗುವ ಕ್ರೀಮು. ಇದರಲ್ಲಿ ಎರಡು ಥರದ ಕಾಟ ಇರಬಹುದು. ಒಂದು ಪಾದರಸ. ಅದು ಚರ್ಮದಲ್ಲಿ ಬಣ್ಣ ತಯಾರಾಗುವುದನ್ನೇ ತಡೆಯುತ್ತದೆ, ಹಾಗಾಗಿ ಮುಖ ನಿಜವಾಗಿಯೂ ಬೆಳ್ಳಗಾಗುತ್ತದೆ. ಜನ ನಂಬುವುದೂ ಅದಕ್ಕೇ. ಆದರೆ ಅದು ಚರ್ಮದಲ್ಲೇ ನಿಲ್ಲುವುದಿಲ್ಲ, ರಕ್ತಕ್ಕೆ ಸೇರಿ ಕಿಡ್ನಿಗೆ ಹೋಗುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಡಾಕ್ಟರುಗಳು ಮೂತ್ರದಲ್ಲಿ ಪ್ರೋಟೀನು ಸೋರುವ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ಜನರನ್ನು ಗಮನಿಸಿದರು. ಅವರಲ್ಲಿ 15 ಜನರದ್ದು ಅಪರೂಪದ ಮಾದರಿ, ಆ 15ರಲ್ಲಿ 13 ಜನ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದವರು. 2023ರಲ್ಲೇ ಕೇರಳದ ಔಷಧ ನಿಯಂತ್ರಣ ಇಲಾಖೆ ಇಂಥ ಕ್ರೀಮುಗಳ ಹಿಂದೆ ಬಿದ್ದು "ಆಪರೇಷನ್ ಸೌಂದರ್ಯ" ಅಂತ ದಾಳಿ ಮಾಡಿತು.

ನಮ್ಮ ದೇಶದ ಕಾನೂನಿನಲ್ಲಿ ಮುಖದ ಕ್ರೀಮಿಗೆ ಪಾದರಸ ಬೇಕಂತಲೇ ಹಾಕುವ ಹಾಗೇ ಇಲ್ಲ. ಅರಿವಿಲ್ಲದೆ ಸೇರಿದ್ದರೂ ಹತ್ತು ಲಕ್ಷದಲ್ಲಿ ಒಂದು ಪಾಲು ದಾಟಬಾರದು. ಡಬ್ಬಿಯ ಮೇಲೆ ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಮರ್ಕ್ಯುರಿಕ್ ಅಂತ ಏನಾದರೂ ಇದ್ದರೆ ಮುಟ್ಟಬೇಡಿ. "ಚಿನ್ನ ಬೆಳ್ಳಿಗೆ ತಾಗಿಸಬೇಡಿ" ಅಂತ ಸೂಚನೆ ಇದ್ದರೂ ಅದೇ ಅನುಮಾನ ಪಡಿ, ಪಾದರಸ ಚಿನ್ನವನ್ನು ಹಿಡಿಯುತ್ತದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಪಾದರಸ ಆವಿಯಾಗುತ್ತದೆ, ದಿಂಬು, ಟವೆಲ್ಲಿಗೂ ಅಂಟುತ್ತದೆ. ತಾಯಿ ಹಚ್ಚಿದರೆ ಪಕ್ಕದಲ್ಲಿ ಮಲಗಿದ ಮಗುವಿಗೂ ಸೇರಬಹುದು.

ಎರಡನೆಯದು ಸ್ಟೀರಾಯ್ಡ್, ಊತ, ತುರಿಕೆ ಇಳಿಸುವ ಔಷಧಿ. ಇದಕ್ಕೆ ಅನಾಮಿಕ ಡಬ್ಬಿಯೇ ಬೇಕಂತಿಲ್ಲ, ಮೆಡಿಕಲ್ ಶಾಪಿನ ಟ್ಯೂಬೂ ಸಾಕು. ಪಕ್ಕದ ಮನೆಯವರು ಹೇಳಿದರು, ತಂಗಿ ಹಚ್ಚಿದಳು ಅಂತ ತುರಿಕೆಯ ಮುಲಾಮನ್ನೇ ಫೇರ್‌ನೆಸ್ ಕ್ರೀಮಿನ ಹಾಗೆ ತಿಂಗಳುಗಟ್ಟಲೆ ಹಚ್ಚುತ್ತಾರೆ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಈ ಮೂರು ಸ್ಟೀರಾಯ್ಡ್ ಹೆಸರು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಚರ್ಮ ಹಾಳೆಯ ಹಾಗೆ ತೆಳ್ಳಗಾಗುತ್ತದೆ, ಕೆಂಪು ನರಗಳು ಕಾಣುತ್ತವೆ, ಕೆನ್ನೆ ಗಲ್ಲದಲ್ಲಿ ಕೂದಲು ಬರುತ್ತದೆ. ಇದು ಎಷ್ಟು ಜಾಸ್ತಿಯಾಯಿತು ಅಂದರೆ 2018ರಲ್ಲಿ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅನ್ನುವ ಪಟ್ಟಿಗೆ ಸೇರಿಸಿತು. ಚೀಟಿ ಕೇಳುವ ಅಂಗಡಿ ನಿಮ್ಮ ಬೀದಿಯಲ್ಲಿ ಎಷ್ಟಿವೆ ಅನ್ನುವುದು ಬೇರೆ ಮಾತು. ಈಗಾಗಲೇ ತುಂಬ ದಿನದಿಂದ ಹಚ್ಚುತ್ತಿದ್ದರೆ ಇವತ್ತೇ ಒಮ್ಮೆಲೇ ನಿಲ್ಲಿಸಿ ಸುಮ್ಮನಾಗಬೇಡಿ. ಟ್ಯೂಬು ಹಿಡಿದುಕೊಂಡೇ ಚರ್ಮದ ಡಾಕ್ಟರ ಹತ್ತಿರ ಹೋಗಿ, ಹೇಗೆ ಬಿಡಬೇಕು ಅಂತ ಅವರು ಹೇಳುತ್ತಾರೆ.

ಆಮೇಲೆ ಕಪ್ಪು ಮೆಹೆಂದಿ. ಗೋರಂಟಿ ಅರೆದು ಹಚ್ಚಿದವರಿಗೆ ಗೊತ್ತು, ತೆಗೆದ ಕೂಡಲೇ ಕಿತ್ತಳೆ ಬಣ್ಣ, ಮರುದಿನ ಕೆಂಪು, ಆಮೇಲೆ ಕಂದು. ಗೋರಂಟಿ ಎಂದೂ ಹತ್ತು ನಿಮಿಷಕ್ಕೆ ಕಪ್ಪಾಗುವುದಿಲ್ಲ. ಕಪ್ಪಾಯಿತು ಅಂದರೆ ಅದರಲ್ಲಿ ಪಿಪಿಡಿ ಅನ್ನುವ ಕೂದಲಿನ ಡೈ ಬೆರೆತಿರಬಹುದು. ಮದುವೆ ಮನೆಯಲ್ಲಿ ಮಕ್ಕಳ ಕೈಗೆ ಇದನ್ನು ಹಾಕಿಸುವಾಗ ಸ್ವಲ್ಪ ಯೋಚಿಸಿ. ಚಿತ್ರ ಬಿಡಿಸಿದ ಆಕಾರದಲ್ಲೇ ಬೊಬ್ಬೆ ಏಳಬಹುದು. ಒಮ್ಮೆ ಮೈ ಅದಕ್ಕೆ ತಿರುಗಿಬಿತ್ತೋ, ಮುಂದೆ ನಲವತ್ತು ದಾಟಿ ತಲೆಗೆ ಡೈ ಹಚ್ಚಿದಾಗಲೂ ಮುಖ ಊದಿಕೊಳ್ಳಬಹುದು. ಡೈ ಪ್ಯಾಕೆಟ್ಟಿನಲ್ಲಿ ಕಿವಿಯ ಹಿಂದೆ ಅಥವಾ ಮೊಣಕೈ ಒಳಗೆ ಸ್ವಲ್ಪ ಹಚ್ಚಿ ನೋಡಿ ಅಂತ ಬರೆದಿರುತ್ತದಲ್ವಾ, ಅದನ್ನು ಪ್ರತಿ ಸಲವೂ ಮಾಡಿ. ಹೋದ ಸಲ ಏನೂ ಆಗಲಿಲ್ಲ ಅನ್ನುವುದು ಲೆಕ್ಕಕ್ಕಿಲ್ಲ, ಅಲರ್ಜಿ ಹತ್ತನೆಯ ಸಲವೂ ಶುರುವಾಗಬಹುದು.

ಪಾರ್ಲರಿನ ಕೂದಲು ನೇರ ಮಾಡುವ ಟ್ರೀಟ್‌ಮೆಂಟ್ ಬಗ್ಗೆಯೂ ಒಂದು ಮಾತು. ಇಸ್ತ್ರಿ ಹಾಕುವಾಗ ಕಣ್ಣು, ಮೂಗು ಉರಿದರೆ ಅದು ಫಾರ್ಮಾಲ್ಡಿಹೈಡ್ ಅನ್ನುವ ವಿಷಕಾರಿ ಅನಿಲ ಇರಬಹುದು. ಅದು ಬೇಡ ಅಂತ ಬದಲಿಗೆ ತಂದ ಗ್ಲೈಆಕ್ಸಿಲಿಕ್ ಆಸಿಡ್ ಕಥೆಯೂ ಚೆನ್ನಾಗಿಲ್ಲ. 26 ವರ್ಷದ ಹುಡುಗಿಯೊಬ್ಬಳಿಗೆ ಅದನ್ನು ಹಾಕಿಸಿಕೊಂಡ ಮೂರು ಸಲವೂ ಕಿಡ್ನಿಗೆ ಪೆಟ್ಟಾಗಿತ್ತು ಅಂತ 2024ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಬಂತು. ಹೆಸರು ಕೆರಾಟಿನ್ ಅಂತಿರಲಿ, ಬೊಟಾಕ್ಸ್ ಅಂತಿರಲಿ, ಬಾಟಲಿ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಎದ್ದು ಬನ್ನಿ.

ಈಗ ಡಬ್ಬಿಯ ಬೆನ್ನು

ಮುಂದುಗಡೆ ಬರೆದಿರುವುದೆಲ್ಲ ಜಾಹೀರಾತು. "ನ್ಯಾಚುರಲ್", "ಟಾಕ್ಸಿನ್ ಫ್ರೀ", "ಕೆಮಿಕಲ್ ಫ್ರೀ", ಇವಕ್ಕೆ ಅಳತೆಗೋಲು ಇಲ್ಲ. ನೀರೂ ಒಂದು ಕೆಮಿಕಲ್ಲೇ, ಇನ್ನೇನು ಹೇಳಲಿ. ಹಿಂದುಗಡೆ ಮಾತ್ರ ಕಾನೂನು ಕೂತಿದೆ. ತಯಾರಿಸಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ತಯಾರಾದ ದಿನಾಂಕ, ಎಂದಿನವರೆಗೆ ಬಳಸಬಹುದು, ಇಷ್ಟು ಇರಲೇಬೇಕು. ಹೊರದೇಶದ್ದಾದರೆ ಇಲ್ಲಿಗೆ ತರಿಸಿದವರ ಹೆಸರು, ವಿಳಾಸ, ನೋಂದಣಿ ನಂಬರೂ ಬೇಕು. "ಕೊರಿಯಾದ್ದು, ದುಬೈಯಿಂದ ಬಂದದ್ದು" ಅಂತ ಇನ್‌ಸ್ಟಾದಲ್ಲಿ ಮಾರುವವರ ಹತ್ತಿರ ಇದನ್ನು ಕೇಳಿ ನೋಡಿ, ಉತ್ತರ ಬರುವುದು ಕಷ್ಟ.

ಇನ್ನು ಪದಾರ್ಥಗಳ ಪಟ್ಟಿ. ಇರುವೆ ಸಾಲಿನ ಹಾಗಿರುತ್ತದೆ ಅಕ್ಷರ, ಫೋನಿನಲ್ಲಿ ಫೋಟೋ ಹೊಡೆದು ದೊಡ್ಡದು ಮಾಡಿಕೊಂಡು ಓದಿ. ಯಾವುದು ಜಾಸ್ತಿ ಇದೆಯೋ ಅದು ಮೊದಲು, ಕಡಿಮೆ ಇರುವುದು ಆಮೇಲೆ. ಶೇಕಡಾ 1ರಷ್ಟು ಅಥವಾ ಅದಕ್ಕೂ ಕಡಿಮೆ ಇರುವವನ್ನು ಮಾತ್ರ ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ನನಗೆ ಬಹಳ ಉಪಯೋಗಕ್ಕೆ ಬಂದ ಉಪಾಯ ಇಲ್ಲಿದೆ. ಪಟ್ಟಿಯಲ್ಲಿ ಫಿನಾಕ್ಸಿಎಥನಾಲ್ ಎಲ್ಲಿದೆ ಹುಡುಕಿ. ಕ್ರೀಮು ಕೆಡದಂತೆ ಹಾಕುವ ಪದಾರ್ಥ ಅದು, ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಜಾಸ್ತಿ ಹಾಕುವುದಿಲ್ಲ. ಅಂದರೆ ಅದರ ಆಚೆಗೆ ಇರುವುದೆಲ್ಲ ಚಿಟಿಕೆಯಷ್ಟೇ. ಮೊನ್ನೆ ಅಂಗಡಿಯಲ್ಲಿ ಮುಂದುಗಡೆ ದೊಡ್ಡದಾಗಿ ಕೇಸರಿ ಹೂವಿನ ಚಿತ್ರ ಇದ್ದ ಒಂದು ಜೆಲ್ ತಿರುಗಿಸಿ ನೋಡಿದೆ. ನೀರು, ಗ್ಲಿಸರಿನ್, ದಪ್ಪ ಮಾಡುವ ಪುಡಿ, ಫಿನಾಕ್ಸಿಎಥನಾಲ್, ಪರ್ಫ್ಯೂಮ್, ಅದಾದ ಮೇಲೆ ಕೇಸರಿ. ಚಿಟಿಕೆಯಷ್ಟೇ ಪಾಪ! 420 ರೂಪಾಯಿ.

ಮುಖ ಸೂಕ್ಷ್ಮ ಇದ್ದವರು ಪಟ್ಟಿಯಲ್ಲಿ ಮೊದಲು ಹುಡುಕಬೇಕಾದ ಪದವೂ ಅದೇ, "ಪರ್ಫ್ಯೂಮ್" ಅಥವಾ "ಫ್ರಾಗ್ರೆನ್ಸ್". ಆ ಒಂದು ಪದದ ಹಿಂದೆ ಹತ್ತಾರು ಪದಾರ್ಥ ಅಡಗಿರಬಹುದು, ಬಿಡಿಸಿ ಹೇಳುವುದಿಲ್ಲ. ಎಕ್ಸಿಮಾ, ಅಂದರೆ ಇಸಬು, ಇರುವವರು, ಚಿಕ್ಕ ಮಕ್ಕಳಿರುವ ಮನೆಯವರು ವಾಸನೆ ಇಲ್ಲದ್ದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಪ್ಯಾರಾಬೆನ್ ವಿಷಯಕ್ಕೆ ಬರೋಣ. ಯುರೋಪಿನಲ್ಲಿ 2014ರಲ್ಲಿ ಐದು ಬಗೆಯ ಪ್ಯಾರಾಬೆನ್ ನಿಷೇಧ ಮಾಡಿದರು, ನಿಜ. ಆದರೆ ಮಿಥೈಲ್, ಈಥೈಲ್ ಪ್ಯಾರಾಬೆನ್ ಅಲ್ಲಿಯೂ ಮಿತಿಯೊಳಗೆ ನಡೆಯುತ್ತವೆ. ಜನ ಹೆದರಿದರು ಅಂತ ಕೆಲವು ಕಂಪನಿಗಳು ಪ್ಯಾರಾಬೆನ್ ತೆಗೆದು ಮಿಥೈಲ್ ಐಸೋಥಯಾಜೊಲಿನೋನ್ ಹಾಕಿದವು, ಅದರಿಂದ ಎಷ್ಟು ಜನಕ್ಕೆ ಅಲರ್ಜಿ ಆಯಿತು ಅಂದರೆ ಹಚ್ಚಿ ಬಿಡುವ ಕ್ರೀಮುಗಳಲ್ಲಿ ಅದನ್ನು ಹಾಕುವಂತಿಲ್ಲ ಅಂತ 2017ರಿಂದ ಅದೇ ಯುರೋಪು ಹೇಳಬೇಕಾಯಿತು. ಹಾಗಾಗಿ "ಇದು ಇಲ್ಲ" ಅಂತ ಬರೆದಿದ್ದರೆ "ಅದರ ಬದಲು ಏನಿದೆ" ಅಂತ ನೋಡಿ. ಶಾಂಪೂವಿನಲ್ಲಿ ನೊರೆ ಬರಿಸುವ ಸಲ್ಫೇಟ್‌ನಿಂದ ಕ್ಯಾನ್ಸರ್ ಬರುತ್ತದೆ ಅನ್ನುವುದು ಸುಮ್ನೆ ವಾಟ್ಸಾಪ್ ಮಾತು. ಚರ್ಮ ಒಣಗಿಸುತ್ತದೆ, ತುರಿಕೆ ತರಬಹುದು, ಅಷ್ಟೇ.

ಸೋಪಿನ ಹೊದಿಕೆಯ ಮೇಲೆ "ಟಾಯ್ಲೆಟ್ ಸೋಪ್, ಗ್ರೇಡ್ 1" ಅಂತಿದ್ದರೆ ಟಿಎಫ್‌ಎಂ, ಅಂದರೆ ಕೊಬ್ಬಿನಂಶ, ಶೇಕಡಾ 76 ಅಥವಾ ಜಾಸ್ತಿ. "ಬಾತಿಂಗ್ ಬಾರ್" ಅಂತಿದ್ದರೆ 40 ಇದ್ದರೂ ಸಾಕು. ಇದು ವಿಷದ ಲೆಕ್ಕ ಅಲ್ಲ, ಕಾಸಿನ ಲೆಕ್ಕ.

ಬೊಟ್ಟು, ಕುಂಕುಮ, ಕಾಡಿಗೆ

ಇವನ್ನು ಯಾರೂ ಕಾಸ್ಮೆಟಿಕ್ ಅಂತ ಅಂದುಕೊಳ್ಳುವುದಿಲ್ಲ, ಅದೇ ತೊಂದರೆ. ನಮ್ಮ ದೊಡ್ಡಮ್ಮನ ಹಣೆಯಲ್ಲಿ ಬೊಟ್ಟಿನಷ್ಟೇ ಅಗಲದ ಬಿಳಿ ಗುರುತು ಇದೆ, ಅದನ್ನು ಮುಚ್ಚಲು ಇನ್ನೂ ದೊಡ್ಡ ಬೊಟ್ಟು ಇಟ್ಟುಕೊಳ್ಳುತ್ತಾರೆ. ಸ್ಟಿಕ್ಕರ್ ಬೊಟ್ಟಿನ, ಅದೇ ಉತ್ತರ ಕರ್ನಾಟಕದ ಟಿಕಳಿಯ, ಅಂಟಿನಲ್ಲಿ ಪಿಟಿಬಿಪಿ ಅನ್ನುವ ಪದಾರ್ಥ ಇದ್ದರೆ ಅದು ಚರ್ಮದ ಬಣ್ಣದ ಕಣಗಳನ್ನೇ ಸಾಯಿಸುತ್ತದೆ. ಬಣ್ಣ ಮರಳಿ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ರಾತ್ರಿ ತೆಗೆದು ಮಲಗಿ, ಕನ್ನಡಿಗೆ ಅಂಟಿಸಿಟ್ಟದ್ದನ್ನೇ ವಾರಗಟ್ಟಲೆ ಇಟ್ಟುಕೊಳ್ಳಬೇಡಿ, ಸ್ವಲ್ಪ ತುರಿಕೆ ಶುರುವಾದರೂ ಆ ಬ್ರ್ಯಾಂಡು ಬಿಡಿ.

ಕುಂಕುಮ ಹಿಂದೆ ಅರಿಸಿನಕ್ಕೆ ಸುಣ್ಣ, ನಿಂಬೆರಸ ಸೇರಿಸಿ ಮಾಡುತ್ತಿದ್ದರು. ಈಗ ಸಂತೆಯಲ್ಲಿ ಸಿಗುವ ಕಣ್ಣು ಕುಕ್ಕುವ ಕೆಂಪು ಬಹುಪಾಲು ಬಣ್ಣದ ಪುಡಿ. ಸಿಂಧೂರದಲ್ಲಿ ಸೀಸ ಸಿಕ್ಕಿದ ಉದಾಹರಣೆಗಳು ಅಮೆರಿಕದವರೆಗೂ ಇವೆ. ದೇವರಿಗೆ ಅಂತ ತಂದ ಪುಡಿಯನ್ನು ಹಣೆಗೆ ಇಡಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಡಿ. ಕಣ್ಣಿಗೆ ಹಚ್ಚುವ ಸುರ್ಮಾದಲ್ಲಿಯೂ ಸೀಸವೇ ಮುಖ್ಯವಾಗಿ ಇರಬಹುದು, ಅದು ಬೇಡವೇ ಬೇಡ. ಮನೆಯಲ್ಲಿ ಹರಳೆಣ್ಣೆ ದೀಪದ ಮಸಿಯಿಂದ ಮಾಡಿದ ಕಾಡಿಗೆಯನ್ನೂ ಕೂಸಿನ ಕಣ್ಣಿಗೆ ಹಚ್ಚಬೇಡಿ. ಅಜ್ಜಿ ಒಪ್ಪದಿದ್ದರೆ ದೃಷ್ಟಿಬೊಟ್ಟು ಅಂಗಾಲಿಗೆ ಇಡಿ, ಜಗಳ ಇಲ್ಲ.

ಅಡುಗೆಮನೆಯದೆಲ್ಲ ಒಳ್ಳೆಯದಲ್ಲ

ಕಡಲೆಹಿಟ್ಟು, ಹೆಸರುಹಿಟ್ಟು, ಅಂಟುವಾಳ, ದಾಸವಾಳದ ಸೊಪ್ಪು ಧಾರಾಳವಾಗಿ ಬಳಸಿ. ಅಂಟುವಾಳ, ಸೀಗೆಕಾಯಿ ಮಾತ್ರ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಿ, ಸೀಗೆಕಾಯಿ ಗಿರಣಿಗೆ ಕೊಟ್ಟರೆ ಹಿಂದಿನವರು ಏನು ಬೀಸಿದ್ದರು ಅಂತ ಕೇಳಿ. ಖಾರದಪುಡಿ ಬೀಸಿದ ಮಷೀನಿನಲ್ಲೇ ಸೀಗೆಪುಡಿ ಮಾಡಿಸಿಕೊಂಡು ಬಂದು ತಲೆ ತೊಳೆದ ಭಾನುವಾರವನ್ನು ನಾನು ಮರೆತಿಲ್ಲ. ನಿಂಬೆಹಣ್ಣು ಮುಖಕ್ಕೆ ತಿಕ್ಕಿ ಬಿಸಿಲಿಗೆ ಹೋದರೆ ಸುಟ್ಟ ಕಲೆಯಾಗಬಹುದು. ಅಡುಗೆ ಸೋಡಾ, ಮೊಡವೆಗೆ ಟೂತ್‌ಪೇಸ್ಟು, ಎರಡೂ ಬೇಡ. ಲೋಳೆಸರ ಮನೆಯಲ್ಲೇ ತೆಗೆದರೆ ಹಳದಿ ಹಾಲು ಇಳಿಸಿ, ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ. ನೀರಿರುವ ಯಾವುದೇ ವಸ್ತು ಪ್ರಿಸರ್ವೇಟಿವ್ ಇಲ್ಲದೆ ಹೊರಗಿದ್ದರೆ ಬೂಷ್ಟು ಹಿಡಿಯುತ್ತದೆ, ಕಣ್ಣಿಗೆ ಕಾಣುವ ಮುಂಚೆಯೇ.

ಹೊಸದು ಏನೇ ತಂದರೂ ಮೊಣಕೈ ಒಳಭಾಗದಲ್ಲಿ ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲ, ಒಂದು ವಾರ ಹಚ್ಚಿ. ಒಂದೇ ಸಲ ಮೂರು ಹೊಸ ವಸ್ತು ಶುರು ಮಾಡಿದರೆ ಯಾವುದು ಕೈಕೊಟ್ಟಿತು ಅಂತ ಗೊತ್ತೇ ಆಗುವುದಿಲ್ಲ. ಡಬ್ಬಿಯ ಮೇಲೆ ತೆರೆದ ಮುಚ್ಚಳದ ಚಿತ್ರ, ಒಳಗೆ "12ಎಂ" ಅಂತಿರುತ್ತದೆ, ಅಂದರೆ ಒಡೆದ ಮೇಲೆ ಹನ್ನೆರಡು ತಿಂಗಳು. ಒಡೆದ ತಾರೀಕನ್ನು ಮಾರ್ಕರಿನಲ್ಲಿ ತಳಕ್ಕೆ ಬರೆದುಬಿಡಿ.

ಏನಾದರೂ ಎಡವಟ್ಟಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ನಕಲಿ ಅಥವಾ ಲೈಸೆನ್ಸ್ ಇಲ್ಲದ ಮಾಲು ಅನ್ನಿಸಿದರೆ ರಾಜ್ಯದ ಔಷಧ ನಿಯಂತ್ರಣದವರಿಗೆ ದೂರು ಕೊಡಬಹುದು. ಡಬ್ಬಿ, ಬಿಲ್ಲು, ಬ್ಯಾಚ್ ನಂಬರಿನ ಫೋಟೋ ಇಟ್ಟುಕೊಂಡಿರಿ. ಅತ್ತಿಗೆಗೋಸ್ಕರ ನಾನು ದೂರು ಬರೆಯಲು ಕೂತಾಗ "ವಸ್ತುವಿನ ಹೆಸರು" ಅನ್ನುವ ಕಡೆಯೇ ಪೆನ್ನು ನಿಂತುಹೋಯಿತು. ಬಿಲ್ಲು ಕೊಟ್ಟಿರಲಿಲ್ಲ, ಡಬ್ಬಿಯನ್ನು ಅತ್ತಿಗೆ ತೊಳೆದು ಲವಂಗ ತುಂಬಿಟ್ಟಿದ್ದರು.