ಕಾಲುವೆ ಖಾಲಿ, ಬೀದಿ ತುಂಬ ನೀರು

ಬೆಂಗಳೂರಿನ ಹೆಬ್ಬಾಳ ಕಣಿವೆಯ ಒಂದು ವಾರ್ಡಿನಲ್ಲಿ ನಾನು ಪಾಲಿಕೆಯ ಸಹಾಯಕ ಎಂಜಿನಿಯರ್. ರಸ್ತೆ, ಚರಂಡಿ, ಪಾರ್ಕು ಎಲ್ಲದರ ದೂರೂ ನನ್ನ ಮೇಜಿಗೇ ಬರುತ್ತದೆ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವಾರ್ಡಿಗೆ ಕಾರ್ಪೊರೇಟರ್ ಇಲ್ಲ. ಹಾಗಾಗಿ ಮನೆಗೆ ನೀರು ನುಗ್ಗಿದವರು ರಾತ್ರಿ ಹನ್ನೊಂದಕ್ಕಾದರೂ ನೇರ ನನಗೇ ಫೋನ್ ಮಾಡುತ್ತಾರೆ. ಮಾಡಲೇಬೇಕು, ಇನ್ಯಾರಿಗೆ ಮಾಡ್ತಾರೆ?

ನಮ್ಮ ವಾರ್ಡಿನ ತಗ್ಗಿನಲ್ಲಿ ರಾಜಕಾಲುವೆಗೆ, ಅಂದರೆ ಮಳೆನೀರು ಹೋಗುವ ದೊಡ್ಡ ಕಾಲುವೆಗೆ, ಒತ್ತಿಕೊಂಡು ನಾಲ್ಕು ಕ್ರಾಸ್‌ಗಳಿವೆ. ಒಂದು ಕಾಲಕ್ಕೆ ಅದು ಕೆರೆಯ ಅಚ್ಚುಕಟ್ಟು, ಭತ್ತದ ಗದ್ದೆ. ಈಗ 20×30, 30×40 ಸೈಟುಗಳ ಲೇಔಟ್. ಜೋರು ಮಳೆ ಬಂದರೆ ಅಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು. ಫ್ರಿಜ್ಜನ್ನು ಇಟ್ಟಿಗೆ ಮೇಲೆ ಎತ್ತಿಡೋದು, ಅಕ್ಕಿ ಡಬ್ಬಿಯನ್ನು ಅಟ್ಟಕ್ಕೆ ಹಾಕೋದು ಅಲ್ಲಿನ ಹೆಂಗಸರಿಗೆ ಅಭ್ಯಾಸವೇ ಆಗಿಹೋಗಿತ್ತು. ನೆಂಟರನ್ನು ಮಳೆಗಾಲದಲ್ಲಿ ಕರೆಯೋದಿಲ್ಲ ಅಂತ ಒಬ್ಬರು ಹೇಳಿದ್ದರು. ಬಾಡಿಗೆಗೆ ಬಂದವರು ಒಂದು ಮಳೆಗಾಲ ನೋಡಿ ಬಿಟ್ಟು ಹೋಗುತ್ತಿದ್ದರು.

ನಾನು ಬರುವ ಮುಂಚಿನಿಂದಲೂ ಅವರದ್ದು ಒಂದೇ ದೂರು: ರಾಜಕಾಲುವೆ ಹೂಳೆತ್ತಿಸಿ. ಹೂಳೂ ಎತ್ತಿಸಲಾಗಿತ್ತು. ಎರಡೂ ಕಡೆ ಕಾಂಕ್ರೀಟ್ ತಡೆಗೋಡೆ ಕಟ್ಟಿಸಲಾಗಿತ್ತು. ಆದರೂ ನೀರು ನಿಲ್ಲುತ್ತಿತ್ತು.

ಕಾರಣ ಗೊತ್ತಾಗಿದ್ದು ಮಳೆಯಲ್ಲೇ. ಎಲ್ಲರೂ ಮಳೆ ನಿಂತ ಮೇಲೆ ಹೋಗಿ ನೋಡುತ್ತಾರೆ. ನಾನು ಒಂದು ಸಂಜೆ ಮಳೆ ಸುರಿಯುತ್ತಿರುವಾಗಲೇ ಗಮ್‌ಬೂಟ್ ಹಾಕಿಕೊಂಡು ಚರಂಡಿ ಕೆಲಸದ ಗ್ಯಾಂಗ್‌ನವರ ಜೊತೆ ತಡೆಗೋಡೆ ಪಕ್ಕ ನಿಂತೆ. ಈ ಕಡೆ ರಸ್ತೆಯಲ್ಲಿ ಮೊಣಕಾಲಿಗೆ ನೀರು. ಆ ಕಡೆ ಬಗ್ಗಿ ನೋಡಿದರೆ ಕಾಲುವೆ ಅರ್ಧವೂ ತುಂಬಿಲ್ಲ! ಅಂದರೆ ಕಾಲುವೆ ಉಕ್ಕಿ ಮನೆಗೆ ನೀರು ಬರುತ್ತಿರಲಿಲ್ಲ. ಬೀದಿ ನೀರಿಗೆ ಕಾಲುವೆ ಸೇರಲು ದಾರಿಯೇ ಇರಲಿಲ್ಲ.

ತಡೆಗೋಡೆ ಕಟ್ಟುವಾಗ ಬೀದಿ ಚರಂಡಿಗಳಿಗೆ ಬಿಟ್ಟಿದ್ದು ನಾಲ್ಕಿಂಚಿನ ಪೈಪು. ಒಂದು ಕ್ರಾಸಿನ ಅಷ್ಟೂ ಮನೆಗಳ ಛಾವಣಿ ನೀರು, ರಸ್ತೆ ನೀರು ಆ ತೂತಿನಲ್ಲೇ ಹೋಗಬೇಕು. ಒಂದು ಚಿಪ್ಸ್ ಪ್ಯಾಕೆಟ್ ಬಂದು ಅಂಟಿಕೊಂಡರೆ ಅದೂ ಬಂದ್. ಲೆಕ್ಕ ಹಾಕಿ ನೋಡಿ. ಒಂದು ಎಕರೆ ಜಾಗದಲ್ಲಿ 50 ಮಿ.ಮೀ. ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು. ಗದ್ದೆ ಇದ್ದಾಗ ಅದರಲ್ಲಿ ಸುಮಾರು ಪಾಲು ನೆಲವೇ ಕುಡಿಯುತ್ತಿತ್ತು. ಈಗ ಟಾರು, ಸಿಮೆಂಟು. ಬಿದ್ದದ್ದೆಲ್ಲ ಅರ್ಧ ಗಂಟೆಯಲ್ಲಿ ತಗ್ಗಿಗೆ ಬಂದು ಕೂರುತ್ತದೆ.

ಚರಂಡಿ ಕಾಲುವೆಗೆ ಸೇರುವ ಜಾಗಕ್ಕೆ ನಾವು 'ಬಾಯಿ' ಅನ್ನುತ್ತೇವೆ. ನಮ್ಮ ಕೆಲಸ ಪೂರ್ತಿ ಈ ಬಾಯಿಗಳದ್ದು. ಪ್ರವಾಹ ಅಂದ ಕೂಡಲೇ ಎಲ್ಲರೂ ದೊಡ್ಡ ಗೋಡೆ, ದೊಡ್ಡ ಟೆಂಡರ್ ಬಗ್ಗೆ ಮಾತಾಡುತ್ತಾರೆ. ದೊಡ್ಡ ಗೋಡೆ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಬಾಯಿ ಸರಿ ಇಲ್ಲದಿದ್ದರೆ ಆ ಗೋಡೆಯೇ ಬೀದಿಗೆ ಅಣೆಕಟ್ಟಾಗುತ್ತದೆ.

ಮೊದಲು ಎಲ್ಲೆಲ್ಲಿ ಬಾಯಿ ಬೇಕು ಅಂತ ಗುರುತಿಸಬೇಕಿತ್ತು. ಸರ್ವೇಯರ್‌ ಹತ್ತಿರ ಹಳೆಯ ಗ್ರಾಮ ನಕ್ಷೆ ತರಿಸಿದೆ. ನಕ್ಷೆಗಿಂತ ಜಾಸ್ತಿ ನೆರವಾದದ್ದು ಎರಡನೇ ಕ್ರಾಸಿನ ಒಬ್ಬ ತಾತ. ಅವರ ಅಪ್ಪ ಆ ಕೆರೆಯ ನೀರುಗಂಟಿ. ತೂಬು ಎತ್ತೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಅಂತ ನೋಡಿಕೊಳ್ಳೋದು ಅವರ ಕೆಲಸವಾಗಿತ್ತು. ತಾತ ಕೋಲು ಹಿಡಿದು ನಮ್ಮ ಜೊತೆ ಇಡೀ ಕಾಲುವೆ ದಂಡೆ ನಡೆದರು. ಒಂದು ಮೂಲೆ ಮನೆಯ ಮುಂದೆ ನಿಂತು ಹೇಳಿದರು: "ಇಲ್ಲೇ ನೋಡು ತಾಯಿ, ನಮ್ಮ ಗದ್ದೆ ಬಸಿಗಾಲುವೆ ಹೋಗ್ತಿದ್ದದ್ದು. ಈಗ ಈ ಕಾಂಪೌಂಡ್ ಒಳಗೆ ಸೇರ್ಕೊಂಡಿದೆ."

ಲೆವೆಲ್ ಹಾಕಿ, ಅಂದರೆ ನೆಲದ ಏರುತಗ್ಗು ಅಳೆದು ನೋಡಿದಾಗ ನಾಲ್ಕೂ ಕ್ರಾಸ್‌ಗಳಲ್ಲಿ ಅತಿ ತಗ್ಗು ಜಾಗ ಅದೇ. ಆ ಮನೆಯವರಿಗೆ ನಾನು ಮೊದಲಿಗೇ ನೋಟಿಸ್ ಕೊಡಲಿಲ್ಲ. ಅಕ್ಕಪಕ್ಕದವರು, ತಾತ, ನಾನು ಹೋಗಿ ಅವರ ಜಗಲಿ ಮೇಲೆ ಕೂತು ಮಾತಾಡಿದೆವು. ಅವರ ಮನೆಗೂ ನೀರು ನುಗ್ಗುತ್ತಿತ್ತಲ್ಲ! ಕಾಂಪೌಂಡ್ ಒಂದಿಷ್ಟು ಹಿಂದಕ್ಕೆ ಸರಿಸಿ ಚರಂಡಿಗೆ ಜಾಗ ಬಿಟ್ಟುಕೊಟ್ಟರು.

ಬಾಯಿ ಮಾಡುವುದು ಗೋಡೆಗೆ ತೂತು ಹೊಡೆದಷ್ಟು ಸುಲಭ ಅಲ್ಲ. ಕಾಂಕ್ರೀಟ್ ಗೋಡೆಯ ಕಬ್ಬಿಣ ಕತ್ತರಿಸಬೇಕಾಗುತ್ತದೆ. ಹಾಗಾಗಿ ಮಳೆನೀರು ಕಾಲುವೆ ವಿಭಾಗದ ಒಪ್ಪಿಗೆ ಪಡೆದು, ಕಂಡಿಯ ಸುತ್ತ ಹೊಸ ಕಬ್ಬಿಣ ಕಟ್ಟಿ ಕಾಂಕ್ರೀಟ್ ಹಾಕಿಸಿದೆವು. ಪ್ರತಿ ಕಂಡಿ ಎರಡಡಿ ಅಗಲ, ಒಂದೂವರೆ ಅಡಿ ಎತ್ತರ. ಅದರ ಮುಂದೆ ಒಂದು ಸಣ್ಣ ಚೇಂಬರ್. ಚೇಂಬರಿನ ತಳ ಚರಂಡಿ ತಳಕ್ಕಿಂತ ಒಂದಡಿ ಕೆಳಗೆ. ಮಣ್ಣು, ಮರಳು ಅಲ್ಲೇ ಕೂತುಬಿಡುತ್ತದೆ, ಕಾಲುವೆಗೆ ಹೋಗುವುದಿಲ್ಲ. ಜಾಲರಿಯ ಸರಳುಗಳನ್ನು ಉದ್ದುದ್ದಕ್ಕೆ ಹಾಕಿಸಿದೆ, ಅಡ್ಡಡ್ಡ ಅಲ್ಲ. ಇದು ಗ್ಯಾಂಗ್‌ನವರೇ ಹೇಳಿಕೊಟ್ಟದ್ದು. ಅಡ್ಡ ಸರಳಿಗೆ ಪ್ಲಾಸ್ಟಿಕ್ ಸುತ್ತಿಕೊಂಡರೆ ಬಿಡಿಸೋಕೆ ಆಗೋದಿಲ್ಲ. ಉದ್ದ ಸರಳಾದರೆ ಕುಂಟೆ ಹಾಕಿ ಮೇಲಕ್ಕೆ ಎಳೆದರೆ ಕಸ ಒಟ್ಟಿಗೇ ಬರುತ್ತದೆ. ಅತಿ ತಗ್ಗಿನ ಬಾಯಿಗೆ ಕಾಲುವೆ ಕಡೆಯಿಂದ ಒಂದು ಕಬ್ಬಿಣದ ಮುಚ್ಚಳ ನೇತುಹಾಕಿದೆವು. ಬೀದಿ ನೀರು ತಳ್ಳಿದರೆ ಅದು ತೆರೆದುಕೊಳ್ಳುತ್ತದೆ. ಕಾಲುವೆ ತುಂಬಿ ನೀರು ಹಿಂದಕ್ಕೆ ಒತ್ತಿದರೆ ತಾನಾಗೇ ಮುಚ್ಚಿಕೊಳ್ಳುತ್ತದೆ.

ಇದರ ಮಧ್ಯೆ ಚರಂಡಿಗೆ ಅಡ್ಡಲಾಗಿ ಹೋಗಿದ್ದ ಕುಡಿಯುವ ನೀರಿನ ಪೈಪು, ಇಂಟರ್‌ನೆಟ್ ಕೇಬಲ್ಲು. ಒಂದೊಂದಕ್ಕೂ ಒಂದೊಂದು ಕಚೇರಿ. ಅಲೆದಾಟ ಬರೆಯುತ್ತಾ ಕೂತರೆ ಮುಗಿಯೋದಿಲ್ಲ, ಬಿಡಿ. ರಸ್ತೆ ವಿಷಯ ಮಾತ್ರ ಹೇಳಲೇಬೇಕು. ಹಳೆಯ ಡಾಂಬರಿನ ಮೇಲೇ ಹೊಸ ಡಾಂಬರು ಹಾಕುತ್ತಾ ಹೋದರೆ ರಸ್ತೆ ಏರುತ್ತದೆ, ಮನೆ ಹೊಸ್ತಿಲು ಇಳಿಯುತ್ತದೆ. ನಮ್ಮ ಮೂರನೇ ಕ್ರಾಸಿನಲ್ಲಿ ಹಳೆಯ ಮನೆಗಳ ಒಳಗೆ ಹೋಗೋಕೆ ಎರಡು ಮೆಟ್ಟಿಲು ಇಳಿಯಬೇಕು. ಒಂದು ಕಾಲಕ್ಕೆ ಅದೇ ಮನೆಗೆ ಮೆಟ್ಟಿಲು ಹತ್ತಿ ಹೋಗುತ್ತಿದ್ದರಂತೆ. ಈಗ ನನ್ನ ವಾರ್ಡಿನಲ್ಲಿ ಹಳೆಯ ಪದರ ಕೆರೆದು ತೆಗೆಯದೆ ಹೊಸ ಡಾಂಬರು ಹಾಕಲು ನಾನು ಬಿಡುವುದಿಲ್ಲ. ಎಸ್ಟಿಮೇಟಿನಲ್ಲೇ ಅದನ್ನು ಸೇರಿಸುತ್ತೇನೆ.

ಹೂಳಿನ ಕೆಲಸ ಫೆಬ್ರವರಿಯಲ್ಲೇ ಶುರು ಆಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಳೆ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನಿಜವಾದ ದೊಡ್ಡ ಮಳೆ. ಎತ್ತಿದ ಹೂಳು ಒಣಗಲಿ ಅಂತ ದಂಡೆ ಮೇಲೇ ಬಿಟ್ಟರೆ ಮೊದಲ ಮಳೆಗೆ ಪೂರ್ತಿ ವಾಪಸ್ ಕಾಲುವೆಗೇ. ಲಾರಿ ಬಂದು ಹೂಳು ಸಾಗಿಸಿದ ಮೇಲೇ ಬಿಲ್ಲಿಗೆ ಬೇಕಾದ ಅಳತೆ ಬರೆಯುತ್ತೇನೆ ಅಂತ ಕಂಟ್ರಾಕ್ಟರಿಗೆ ಮೊದಲೇ ಹೇಳಿಬಿಟ್ಟೆ. ಅಳತೆ ಪುಸ್ತಕಕ್ಕೆ ಸಹಿ ಹಾಕುವ ದಿನ ಬೀದಿಯ ಇಬ್ಬರು ಜೊತೆಗಿರಬೇಕು ಅಂತಲೂ ಮಾಡಿದೆ. ಈ ಕೆಲಸದ ಬಗ್ಗೆ ಬೀದಿಯವರಿಗೆ ಹೆಮ್ಮೆ ಶುರುವಾದದ್ದು ಅಲ್ಲಿಂದ ಅಂತ ನನ್ನ ಅನಿಸಿಕೆ.

ಹೂಳೆತ್ತುವುದನ್ನು ಜನ ನಿಂತು ನೋಡಿದರು. ಹಾಸಿಗೆ, ದಿಂಬು, ಎಳನೀರು ಬುರುಡೆ, ಥರ್ಮಾಕೋಲ್, ಹಳೇ ಕಮೋಡು, ಎಲ್ಲ ಮೇಲೆ ಬಂತು. ನಾಲ್ಕನೇ ಕ್ರಾಸಿನ ಒಬ್ಬ ಹೆಂಗಸು ಜೋರಾಗಿಯೇ ಅಂದರು: "ಈ ದಿಂಬು ಯಾರ ಮನೇದು ಅಂತ ನಂಗೊತ್ತು." ಆಮೇಲೆ ಅವರೇ ಮನೆ ಮನೆಗೆ ಹೋಗಿ ಮಾತಾಡಿದರು. ಪಾಲಿಕೆ ಬೋರ್ಡು ಹಾಕಿ ದಂಡ ಅಂತ ಬರೆದರೂ ಆಗದ ಕೆಲಸ ಅದು.

ತಿಂಗಳ ಮೊದಲ ಶನಿವಾರದ ವಾರ್ಡ್ ಸಮಿತಿ ಸಭೆಗೆ ಆ ನಾಲ್ಕು ಕ್ರಾಸಿನವರನ್ನು ಕರೆದೆ. ಬರಬೇಕಾದ ದುಡ್ಡು ಇಷ್ಟು, ಅದರಲ್ಲಿ ಈ ವರ್ಷ ಎಲ್ಲ ಬಾಯಿಗಳನ್ನೂ ಮಾಡಲು ಆಗೋದಿಲ್ಲ, ಯಾವುದು ಮೊದಲು ಅಂತ ನೀವೇ ಹೇಳಿ ಎಂದೆ. ಜಗಳ ಆಯಿತು. ಆಗಲೇಬೇಕಲ್ವಾ? ಕೊನೆಗೆ ಹಾಸಿಗೆ ಹಿಡಿದ ವಯಸ್ಸಾದವರಿರುವ ಮನೆಗಳ ಮುಂದಿನ ಬಾಯಿ ಮೊದಲು ಅಂತ ಅವರೇ ತೀರ್ಮಾನ ಮಾಡಿದರು. ಲೆವೆಲ್ ಪ್ರಕಾರ ನಾನು ಬೇರೆ ಕ್ರಮ ಇಟ್ಟುಕೊಂಡಿದ್ದೆ. ಅವರ ಕ್ರಮದಲ್ಲೇ ಮಾಡಿದೆ. ನೀರಿನ ಲೆಕ್ಕಕ್ಕೆ ದೊಡ್ಡ ವ್ಯತ್ಯಾಸ ಆಗಲಿಲ್ಲ. ಆದರೆ ಕೆಲಸ ಅವರದ್ದಾಯಿತು.

ಕಾಲುವೆ ಗೋಡೆ ಮೇಲೆ ಹಸಿರು, ಹಳದಿ, ಕೆಂಪು ಪಟ್ಟೆ ಬಳಿಸಿದೆವು. ನೀರು ಹಳದಿಗೆ ಬಂದರೆ ದಂಡೆ ಮನೆಯವರು ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಪ್ರತಿ ಬಾಯಿಗೂ ಒಂದು ಕುಂಟೆ ಇದೆ, ಪಕ್ಕದ ಮನೆಯಲ್ಲೇ ಇರುತ್ತದೆ. ಮಳೆ ಶುರುವಾದರೆ ಜಾಲರಿ ಕಸ ಎಳೆಯೋಕೆ ಯಾರಾದರೊಬ್ಬರು ಕೊಡೆ ಹಿಡಿದು ಹೊರಗೆ ಬರುತ್ತಾರೆ. ಚೇಂಬರ್ ಒಳಗೆ ಮಾತ್ರ ಯಾರೂ ಇಳಿಯಬಾರದು ಅಂತ ಕಟ್ಟುನಿಟ್ಟು ಮಾಡಿದ್ದೇನೆ. ಅದು ಯಂತ್ರದ ಕೆಲಸ.

ಬಹಳ ಕಡೆ ಚರಂಡಿ ಗೋಡೆಗೆ ಚಿತ್ರ ಬರೆಸೋದರಿಂದಲೇ ಶುರು ಮಾಡುತ್ತಾರೆ. ಮನೆಗೆ ನೀರು ನುಗ್ಗುವ ಬೀದಿಯಲ್ಲಿ ನವಿಲಿನ ಚಿತ್ರ ಬರೆದರೆ ಜನಕ್ಕೆ ಸಿಟ್ಟು ಬರುತ್ತದೆ, ನ್ಯಾಯವಾಗಿಯೇ. ನಮ್ಮಲ್ಲಿ ಚಿತ್ರ ಕೊನೆಗೆ ಬಂತು. ಒಂದು ಮಳೆಗಾಲ ಮನೆಗಳು ಒಣಗಿ ಉಳಿದ ಮೇಲೆ ಅಲ್ಲಿನವರೇ ಕೇಳಿದರು. ಸರ್ಕಾರಿ ಶಾಲೆ ಮಕ್ಕಳು ಗೋಡೆ ಮೇಲೆ ನೀರಿನ ದಾರಿ ಬರೆದರು. ಹೆಬ್ಬಾಳ, ನಾಗವಾರ, ಕಲ್ಕೆರೆ, ರಾಂಪುರ, ಎಲೆಮಲ್ಲಪ್ಪ ಶೆಟ್ಟಿ ಕೆರೆ, ಆಮೇಲೆ ದಕ್ಷಿಣ ಪಿನಾಕಿನಿ ನದಿ. ನಮ್ಮ ಬೀದಿ ಎಲ್ಲಿದೆ ಅಂತ ಒಂದು ಕೆಂಪು ಚುಕ್ಕೆ. ಅದರ ಕೆಳಗೆ ಗ್ಯಾಂಗ್‌ನವರ, ಪೌರಕಾರ್ಮಿಕರ ಹೆಸರು ಬರೆಯಬೇಕು ಅಂತ ಮಕ್ಕಳೇ ಹಠ ಹಿಡಿದರು. ಆ ಕೆಲಸಗಾರರ ಮನೆಯವರು ಬಂದು ಆ ಗೋಡೆ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋದರು.

ಆ ಚಿತ್ರದಿಂದ ಇನ್ನೊಂದು ಪ್ರಶ್ನೆಯೂ ಎದ್ದಿತು. ನಮ್ಮ ನೀರು ಬೇಗ ಹೋದರೆ ಕೆಳಗಿನವರಿಗೆ ಏನು ಗತಿ? ಸರಿಯಾದ ಪ್ರಶ್ನೆ. ಬಾಯಿ ಮಾತ್ರ ತೆರೆದರೆ ನಮ್ಮ ಕಷ್ಟವನ್ನು ಕೆಳಗಿನ ಲೇಔಟಿಗೆ ಸಾಗಿಸಿದಂತೆ. ಹಾಗಾಗಿ ನೀರನ್ನು ಬಿದ್ದಲ್ಲೇ ಹಿಡಿಯುವ ಕೆಲಸಕ್ಕೂ ಕೈ ಹಾಕಿದೆವು. 30×40 ಸೈಟಿನಷ್ಟು ಜಾಗದ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 5,500 ಲೀಟರ್, ಹೆಚ್ಚು ಕಡಿಮೆ ಒಂದು ಟ್ಯಾಂಕರ್ ನೀರು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕೂತಿದ್ದ ಜನಕ್ಕೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಲಿಲ್ಲ. ಪಾರ್ಕಿನಲ್ಲಿ, ಶಾಲೆ ಮೈದಾನದಲ್ಲಿ ಇಂಗುಬಾವಿ ತೋಡಿಸಿದೆವು. ಮೂರಡಿ ಅಗಲ, ಇಪ್ಪತ್ತಡಿ ಆಳ, ಸಿಮೆಂಟ್ ರಿಂಗು. ತೋಡಿದವರು ಭೋವಿ ಸಮುದಾಯದವರು, ತಲೆಮಾರುಗಳಿಂದ ಬಾವಿ ತೋಡುವವರು. ಎಷ್ಟು ಆಳದಲ್ಲಿ ಮಣ್ಣು ನೀರು ಕುಡಿಯುತ್ತದೆ ಅಂತ ಮುಷ್ಟಿಯಲ್ಲಿ ಹಿಡಿದು ನೋಡಿಯೇ ಹೇಳುತ್ತಿದ್ದರು. ಮೇಲಿನ ದಿಣ್ಣೆಯ ಕೆಲವು ಮನೆಯವರೂ ತಮ್ಮ ಖರ್ಚಿನಲ್ಲಿ ಮಾಡಿಸಿಕೊಂಡರು. ನೀರು ನುಗ್ಗುವುದು ಅವರ ಮನೆಗಲ್ಲ, ಕೆಳಗಿನವರ ಮನೆಗೆ. ಆದರೂ ಮಾಡಿಸಿಕೊಂಡರು. ನನಗೆ ಅತಿ ಖುಷಿ ಕೊಟ್ಟದ್ದು ಅದೇ.

ಇದೆಲ್ಲ ಎಲ್ಲ ಮಳೆಗೂ ಸಾಲುತ್ತದೆ ಅಂತ ನಾನು ಯಾರಿಗೂ ಮಾತು ಕೊಟ್ಟಿಲ್ಲ. 2022ರ ಸೆಪ್ಟೆಂಬರ್ ಮೊದಲ ವಾರ ಒಂದೇ ರಾತ್ರಿಯಲ್ಲಿ 130 ಮಿ.ಮೀ.ಗೂ ಮೀರಿ ಮಳೆ ಸುರಿದು, ಹೊರವರ್ತುಲ ರಸ್ತೆ, ಯಮಲೂರು ಕಡೆ ಜನರನ್ನು ಟ್ರ್ಯಾಕ್ಟರ್, ದೋಣಿಯಲ್ಲಿ ಸಾಗಿಸಿದ್ದು ನೆನಪಿದೆ. ಅಂಥ ಮಳೆ ನಮ್ಮ ಕಣಿವೆಗೆ ಬಂದರೆ ಕಾಲುವೆ ಕೆಂಪು ಪಟ್ಟೆ ದಾಟುತ್ತದೆ. ಆಗ ಯಾರನ್ನು ಮೊದಲು ಮೇಲಿನ ಶಾಲೆಗೆ ಸಾಗಿಸಬೇಕು ಅನ್ನೋ ಪಟ್ಟಿಯನ್ನೂ ಬೀದಿಯವರೇ ಮಾಡಿ ಕೊಟ್ಟಿದ್ದಾರೆ.

2025ರ ಸೆಪ್ಟೆಂಬರಿನಲ್ಲಿ ನಗರಕ್ಕೆ ಐದು ಪಾಲಿಕೆಗಳಾದವು. ವಾರ್ಡಿನ ಗಡಿ ಬದಲಾದರೂ ಬಾಯಿಗಳ ಕಡತ ಕಳೆಯಬಾರದು ಅಂತ ಒಂದು ಪ್ರತಿ ಕಚೇರಿಗೆ, ಒಂದು ಪ್ರತಿ ಕ್ರಾಸಿನವರಿಗೆ ಕೊಟ್ಟಿದ್ದೇನೆ. ಪ್ರತಿ ಬಾಯಿಯ ಲೆವೆಲ್, ಅಳತೆ, ಕುಂಟೆ ಇರುವ ಮನೆ, ಎಲ್ಲ ಅದರಲ್ಲಿದೆ. ಮುಂದಿನ ಕೆಲಸ ನಾಲ್ಕನೇ ಕ್ರಾಸಿನ ಕೊನೆಯ ಎರಡು ಬಾಯಿ. ಎಸ್ಟಿಮೇಟ್ ಕಳಿಸಿದ್ದೇನೆ. ಕೆಳಗಿನ ವಾರ್ಡಿನ ಸಮಿತಿಯವರು ಬಂದು ಜಾಲರಿಯ ಅಳತೆ ಬರೆದುಕೊಂಡು ಹೋಗಿದ್ದಾರೆ. ಅವರಿಗೆ ಕುಂಟೆ ಹಿಡಿಯೋದು ತೋರಿಸಿಕೊಟ್ಟವರು ದಿಂಬಿನ ಮನೆ ಪತ್ತೆ ಮಾಡಿದ ಆ ಹೆಂಗಸು.