ನೀರಿನ ಜರ್ನಲ್‌ಗೆ ಪೇಪರ್ ಬಂದಾಗ ನಾನು ಏನು ನೋಡುತ್ತೇನೆ

ಜಲಸಂಪನ್ಮೂಲದ ಒಂದು ಜರ್ನಲ್‌ಗೆ ನಾನು ಅಸೋಸಿಯೇಟ್ ಎಡಿಟರ್, ಅಂದರೆ ಬಂದ ಸಂಶೋಧನಾ ಪೇಪರ್ ನೋಡಿ ತೀರ್ಮಾನಿಸುವವಳು, ಆಗಿ ಕೆಲವು ವರ್ಷಗಳಾದವು. ಇದಕ್ಕೆ ಸಂಬಳ ಇಲ್ಲ. ಪಾಠ, ನನ್ನ ಸಂಶೋಧನೆ ಎಲ್ಲ ಮುಗಿದ ಮೇಲೆ ರಾತ್ರಿ ಹೊತ್ತು ಕೂತು ಮಾಡುವ ಕೆಲಸ. ಆದರೂ ಮನಸ್ಸಿಟ್ಟು ಮಾಡುತ್ತೇನೆ. ನೀರಿನ ಮೇಲೆ ಬರೆದ ಪೇಪರ್ ಸುಮ್ನೆ ಲೈಬ್ರರಿಯಲ್ಲಿ ಕೂತಿರುವುದಿಲ್ಲ. ಇಲಾಖೆಯ ವರದಿಯಲ್ಲಿ, ಅಣೆಕಟ್ಟಿನ ಯೋಜನೆಯಲ್ಲಿ, ಕೆಲವೊಮ್ಮೆ ಕೋರ್ಟಿನ ಕಾಗದದಲ್ಲೂ ಅದರ ಅಂಕಿ ಬಂದು ಕೂರುತ್ತದೆ. ಹೊಸದಾಗಿ ಸಂಶೋಧನೆಗೆ ಇಳಿದವರು ‘ನೀವು ಪೇಪರ್ ಹೇಗೆ ನೋಡುತ್ತೀರಿ ಮೇಡಂ’ ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪೇಪರ್ ಕೈಗೆ ಬಂದ ತಕ್ಷಣ ಸಾರಾಂಶ ಓದಿ ನೇರವಾಗಿ ನಕ್ಷೆಗೆ ಹೋಗುತ್ತೇನೆ. ಮಳೆಮಾಪಕಗಳು ಎಲ್ಲಿವೆ, ಹೊಳೆಯ ಹರಿವನ್ನು ಎಲ್ಲಿ ಅಳೆದಿದ್ದಾರೆ, ಮಧ್ಯೆ ಡ್ಯಾಂ ಇದೆಯಾ ಅಂತ ನೋಡುತ್ತೇನೆ. ಆಮೇಲೆ ಒಂದು ಚೀಟಿ ತೆಗೆದುಕೊಂಡು ನೀರಿನ ಲೆಕ್ಕ ಹಾಕುತ್ತೇನೆ. ಬಿದ್ದ ಮಳೆಯಲ್ಲಿ ಒಂದಿಷ್ಟು ಹರಿದು ಹೋಗುತ್ತದೆ, ಒಂದಿಷ್ಟು ಆವಿಯಾಗುತ್ತದೆ, ಉಳಿದದ್ದು ನೆಲದಲ್ಲಿ ನಿಲ್ಲುತ್ತದೆ. ಈ ಮೂರೂ ಸೇರಿ ಮಳೆಗೆ ಸಮ ಆಗಬೇಕು.

ಪಶ್ಚಿಮ ಘಟ್ಟದ ಹೊಳೆಗಳ ಪೇಪರ್‌ಗಳಲ್ಲಿ ಎಷ್ಟೋ ಸಲ ಈ ಲೆಕ್ಕ ಕೂಡುವುದಿಲ್ಲ. ಬಿದ್ದ ಮಳೆಗಿಂತ ಹೊಳೆಯಲ್ಲಿ ಹರಿದ ನೀರೇ ಜಾಸ್ತಿ ಇರುತ್ತದೆ! ಕಾರಣ ಸರಳ. ಮಳೆಮಾಪಕ ಇರುವುದು ಪೇಟೆಯಲ್ಲಿ, ಮಳೆ ಸುರಿಯುವುದು ಮೇಲೆ ಗುಡ್ಡದಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ. ಪೂರ್ವಕ್ಕೆ ಚಿತ್ರದುರ್ಗದ ಕಡೆ ಬಂದರೆ 600ರ ಆಸುಪಾಸು. ಇಂಥ ಕಡೆ ಒಂದೆರಡು ಮಳೆಮಾಪಕದ ಸರಾಸರಿ ನಂಬಿದರೆ ಆಯಿತಾ? ಮಳೆಯಿಂದ ಹರಿವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್ ಮಾತ್ರ ದೂರು ಹೇಳುವುದಿಲ್ಲ. ಕಡಿಮೆ ಮಳೆಯಲ್ಲೇ ಜಾಸ್ತಿ ಹರಿವು ತೋರಿಸಬೇಕಾದಾಗ ಆವಿಯಾಗುವ ನೀರನ್ನು ಕತ್ತರಿಸಿ ಲೆಕ್ಕ ಹೊಂದಿಸಿಕೊಳ್ಳುತ್ತದೆ. ಗ್ರಾಫ್ ಚೆನ್ನಾಗಿಯೇ ಬರುತ್ತದೆ. ಆದರೆ ಆ ಲೆಕ್ಕದ ಪ್ರಕಾರ ಅಲ್ಲಿಯ ದಟ್ಟ ಕಾಡು ನೀರನ್ನೇ ಬಳಸುತ್ತಿಲ್ಲ! ಇಂಥ ಪೇಪರನ್ನು ನಾನು ರಿವ್ಯೂಗೆ, ಅಂದರೆ ಬೇರೆ ತಜ್ಞರ ಪರಿಶೀಲನೆಗೆ, ಕಳಿಸುವುದಿಲ್ಲ. ಕಾರಣ ಬಿಡಿಸಿ ಬರೆದು, ಮಳೆಯ ಅಂಕಿ ಸರಿಪಡಿಸಿಕೊಂಡು ಮತ್ತೆ ಬನ್ನಿ ಅಂತ ವಾಪಸ್ ಮಾಡುತ್ತೇನೆ. ರಿವ್ಯೂವರ್‌ಗಳ ಸಮಯವೂ ಉಳಿಯುತ್ತದೆ, ಲೇಖಕರಿಗೂ ಬೇಗ ಉತ್ತರ ಸಿಗುತ್ತದೆ.

ಇನ್ನು ಅಂಕಗಳ ವಿಷಯ. ಮಾಡೆಲ್ ಎಷ್ಟು ಚೆನ್ನಾಗಿದೆ ಅಂತ ತೋರಿಸಲು ಎಲ್ಲರೂ ನ್ಯಾಶ್ ಮತ್ತು ಸಟ್‌ಕ್ಲಿಫ್ 1970ರಲ್ಲಿ ಕೊಟ್ಟ ಅಳತೆಯನ್ನು ಬಳಸುತ್ತಾರೆ. 1 ಬಂದರೆ ಪೂರ್ತಿ ಸರಿ. 0 ಬಂದರೆ ಸರಾಸರಿ ಹರಿವನ್ನು ಹೇಳಿದಷ್ಟೇ ಬೆಲೆ. ನಮ್ಮ ಮುಂಗಾರಿನ ಹೊಳೆಗಳಲ್ಲಿ ಈ ಅಂಕ ಸುಲಭವಾಗಿ ಏರುತ್ತದೆ. ಜೂನ್‌ನಲ್ಲಿ ನೀರು ಏರುತ್ತದೆ, ಜುಲೈ, ಆಗಸ್ಟ್‌ನಲ್ಲಿ ತುಂಬಿ ಹರಿಯುತ್ತದೆ, ಚಳಿಗಾಲಕ್ಕೆ ಇಳಿಯುತ್ತದೆ. ಪ್ರತಿ ತಾರೀಖಿಗೂ ಹಿಂದಿನ ವರ್ಷಗಳ ಸರಾಸರಿ ಬರೆದಿಟ್ಟರೂ ಸಾಕಷ್ಟು ಒಳ್ಳೆಯ ಅಂಕ ಬಂದುಬಿಡುತ್ತದೆ. ಹಾಗಾಗಿ ನಾನು ಕೇಳುವ ಪ್ರಶ್ನೆ ಒಂದೇ: ಆ ಬರೀ ಸರಾಸರಿಗಿಂತ ನಿಮ್ಮ ಮಾಡೆಲ್ ಎಷ್ಟು ಮೇಲು? ಜೊತೆಗೆ ಫೆಬ್ರವರಿಯಿಂದ ಮೇವರೆಗಿನ ಹರಿವನ್ನು, ಸಣ್ಣ ಅಂಕಿಗಳೂ ಎದ್ದು ಕಾಣುವ ಲಾಗ್ ಸ್ಕೇಲ್‌ನಲ್ಲಿ ಬೇರೆಯಾಗಿ ತೋರಿಸಿ ಅನ್ನುತ್ತೇನೆ. ನ್ಯಾಶ್ ಮತ್ತು ಸಟ್‌ಕ್ಲಿಫ್ ಅಳತೆ ತಪ್ಪನ್ನು ವರ್ಗ ಮಾಡಿ ಕೂಡುತ್ತದೆ. ಅದರಿಂದ ಪ್ರವಾಹದ ದಿನಗಳೇ ಅಂಕವನ್ನು ತೀರ್ಮಾನಿಸುತ್ತವೆ, ಬೇಸಿಗೆಯ ಹರಿವು ಲೆಕ್ಕಕ್ಕೇ ಬರುವುದಿಲ್ಲ. ಊರಿನ ಕುಡಿಯುವ ನೀರು ನಿಂತಿರುವುದು ಆ ಬೇಸಿಗೆಯ ಹರಿವಿನ ಮೇಲೆ ಅಲ್ವಾ?

ಈಗ ಹಳೆಯ ಅಂಕಿಗಳಿಂದ ಕಂಪ್ಯೂಟರ್ ತಾನೇ ಕಲಿಯುವ ಮೆಷಿನ್ ಲರ್ನಿಂಗ್ ಪೇಪರ್‌ಗಳೇ ಜಾಸ್ತಿ. ಅವುಗಳಲ್ಲಿ ಕಲಿಕೆಗೆ ಬಳಸಿದ ದಿನಗಳನ್ನೂ ಪರೀಕ್ಷೆಗೆ ಬಳಸಿದ ದಿನಗಳನ್ನೂ ಹೇಗೆ ಬೇರೆ ಮಾಡಿದ್ದಾರೆ ಅಂತ ಮೊದಲು ನೋಡುತ್ತೇನೆ. ದಿನಗಳನ್ನು ಕಲಸಿ ಅಲ್ಲಲ್ಲಿ ಆರಿಸಿದ್ದರೆ ಸೋಮವಾರದ ಹರಿವು ಕಲಿಕೆಯಲ್ಲಿ, ಮಂಗಳವಾರದ್ದು ಪರೀಕ್ಷೆಯಲ್ಲಿ ಇರುತ್ತದೆ. ಅಕ್ಕಪಕ್ಕದ ದಿನಗಳ ಹರಿವು ಹೆಚ್ಚುಕಮ್ಮಿ ಒಂದೇ, ಹಾಗಾಗಿ ಉತ್ತರ ಮೊದಲೇ ಗೊತ್ತಾದಂತೆಯೇ.

ಅಂತರ್ಜಲದ ಪೇಪರ್ ಆದರೆ ಬತ್ತಿದ ಬಾವಿಗಳನ್ನು ಹುಡುಕುತ್ತೇನೆ. ಬಾವಿ ಬತ್ತಿದ ಮೇಲೆ ಅಳೆಯುವುದಕ್ಕೆ ಏನೂ ಇರುವುದಿಲ್ಲ, ದಾಖಲೆಯಲ್ಲಿ ಖಾಲಿ ಜಾಗ ಬರುತ್ತದೆ. ಬಹಳ ಜನ ಖಾಲಿ ಜಾಗ ಜಾಸ್ತಿ ಇರುವ ಬಾವಿಗಳನ್ನು ‘ಗುಣಮಟ್ಟ ಸರಿಯಿಲ್ಲ’ ಅಂತ ತೆಗೆದುಹಾಕುತ್ತಾರೆ. ಆಗ ಉಳಿಯುವುದು ನೀರಿರುವ ಬಾವಿಗಳೇ. ಅವುಗಳ ಸರಾಸರಿ ತೆಗೆದರೆ ನೀರಿನ ಮಟ್ಟ ಏರಿದಂತೆ ಕಾಣುತ್ತದೆ. ದಕ್ಷಿಣ ಭಾರತದ ಅಂತರ್ಜಲ ಚೇತರಿಸಿಕೊಳ್ಳುತ್ತಿದೆ ಎಂಬ ಮಾತನ್ನು ಸಂಶೋಧಕರಾದ ತೇಜಸ್ವಿ ಹೋರಾ, ವೀಣಾ ಶ್ರೀನಿವಾಸನ್, ನಂದಿತಾ ಬಸು ಅವರು 2019ರಲ್ಲಿ ಪ್ರಶ್ನಿಸಿದ್ದು ಈ ಕಾರಣ ಹಿಡಿದೇ. ಕೋಲಾರದ ರೈತರಿಗೆ ಬೋರ್ ಬತ್ತುವುದು ದಿನನಿತ್ಯದ ಮಾತು. ಅದು ಪೇಪರ್‌ನಲ್ಲಿ ಎಲ್ಲೂ ಕಾಣದಿದ್ದರೆ ನನಗೆ ಅನುಮಾನ ಬರುತ್ತದೆ. ಎಷ್ಟು ಬಾವಿ ಕೈಬಿಟ್ಟಿರಿ, ಯಾಕೆ ಬಿಟ್ಟಿರಿ, ಅವು ನಕ್ಷೆಯಲ್ಲಿ ಎಲ್ಲಿದ್ದವು ಅಂತ ಕೇಳುತ್ತೇನೆ.

ರಿವ್ಯೂವರ್ ಹುಡುಕುವುದು ಈ ಕೆಲಸದ ಕಷ್ಟದ ಭಾಗ. ಹತ್ತು ಜನರನ್ನು ಕೇಳಿದರೆ ಇಬ್ಬರು ಮೂವರು ಒಪ್ಪಿಕೊಂಡರೆ ಹೆಚ್ಚು. ವಿಧಾನ ಬಲ್ಲವರು ಒಬ್ಬರು, ಆ ಜಾಗವನ್ನು ಕಂಡವರು ಒಬ್ಬರು ಇರಲೇಬೇಕು ಎನ್ನುವುದು ನಾನು ಬಿಡದ ನಿಯಮ. ಲೇಖಕರೇ ಸೂಚಿಸಿದ ಹೆಸರಿನ ಮುಂದೆ ಸಂಸ್ಥೆಯ ಇಮೇಲ್ ಇಲ್ಲದಿದ್ದರೆ ಆ ವ್ಯಕ್ತಿ ಯಾರು ಅಂತ ಸಂಸ್ಥೆಯ ಪುಟದಲ್ಲಿ ಹುಡುಕಿ ಖಾತ್ರಿ ಮಾಡಿಕೊಳ್ಳುತ್ತೇನೆ. 2015ರಲ್ಲಿ ಬಯೋಮೆಡ್ ಸೆಂಟ್ರಲ್ ಎಂಬ ಪ್ರಕಾಶನ ಸಂಸ್ಥೆ ನಕಲಿ ರಿವ್ಯೂ ಕಾರಣಕ್ಕೆ 43 ಪೇಪರ್‌ಗಳನ್ನು ವಾಪಸ್ ತೆಗೆದುಕೊಂಡಿತು. ಅದು ನೀರಿನ ವಿಷಯ ಅಲ್ಲ, ಆದರೆ ಎಚ್ಚರ ಎಲ್ಲರಿಗೂ ಬೇಕು.

ಕಾವೇರಿ ಪೇಪರ್ ಬಂದರೆ ಇನ್ನಷ್ಟು ಜಾಗ್ರತೆ ವಹಿಸುತ್ತೇನೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಕರ್ನಾಟಕ ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ನೀರು ಬಿಡಬೇಕು. ‘ಹೆಚ್ಚುವರಿ ನೀರು’ ಎಂಬ ಒಂದು ಪದವನ್ನು ಲೇಖಕರು ಸಡಿಲವಾಗಿ ಬಳಸಿದರೂ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಹೇಳಲಾಗದು. ಎರಡೂ ರಾಜ್ಯಗಳಿಗೆ ಸೇರದ ರಿವ್ಯೂವರ್ ಒಬ್ಬರನ್ನಾದರೂ ಹಾಕುತ್ತೇನೆ. ನಾನೂ ಕಾವೇರಿ ನೀರು ಕುಡಿದು ಬೆಳೆದವಳು. ಹಾಗಾಗಿ ನೀರಿನ ಹಂಚಿಕೆಯ ಬಗ್ಗೆಯೇ ತೀರ್ಮಾನ ಹೇಳುವ ಪೇಪರ್ ಆದರೆ ಮುಖ್ಯ ಸಂಪಾದಕರಿಗೆ ವಿಷಯ ತಿಳಿಸಿ ಬೇರೆಯವರಿಗೆ ಕೊಡಲು ಕೇಳುತ್ತೇನೆ.

ರಿವ್ಯೂಗಳು ಬಂದ ಮೇಲೆ ಓಟು ಎಣಿಸಬಾರದು. ಒಬ್ಬರು ‘ಚೆನ್ನಾಗಿದೆ, ಪ್ರಕಟಿಸಿ’ ಅಂತ ಎರಡು ಸಾಲು ಬರೆದಿರುತ್ತಾರೆ. ಇನ್ನೊಬ್ಬರು ನಾಲ್ಕು ಪುಟ ಟೀಕೆ ಬರೆದಿರುತ್ತಾರೆ. ಎರಡಕ್ಕೂ ಒಂದೇ ತೂಕ ಕೊಡಲು ಆಗುವುದಿಲ್ಲ. ಒಂದು ಪೇಪರ್ ನೆನಪಾಗುತ್ತದೆ. ಗಟ್ಟಿ ಕಲ್ಲಿನ ಸೀಮೆಯ ಒಂದು ಸಣ್ಣ ಜಲಾನಯನದಲ್ಲಿ ಬೋರ್‌ವೆಲ್‌ಗಳನ್ನು ಅಳೆದು ಬರೆದದ್ದು. ಒಬ್ಬ ರಿವ್ಯೂವರ್ ಗ್ರೇಸ್ ಉಪಗ್ರಹದ ಅಂಕಿಗಳ ಜೊತೆ ಹೋಲಿಸಲೇಬೇಕು ಅಂತ ಪಟ್ಟು ಹಿಡಿದರು. 2002ರಲ್ಲಿ ಹಾರಿದ ಆ ಜೋಡಿ ಉಪಗ್ರಹ ಗುರುತ್ವದ ಬದಲಾವಣೆಯಿಂದ ನೀರನ್ನು ಅಳೆಯುತ್ತಿತ್ತು. ಆದರೆ ಹೆಚ್ಚುಕಮ್ಮಿ ಇಡೀ ಕರ್ನಾಟಕದಷ್ಟು ದೊಡ್ಡ ಪ್ರದೇಶವಾದರೆ ಮಾತ್ರ ಅದರ ಅಂಕಿ ನಂಬುವಂತೆ ಇರುತ್ತದೆ. ಒಂದು ಹೋಬಳಿಯಷ್ಟೂ ಇಲ್ಲದ ಜಾಗಕ್ಕೆ ಅದರಿಂದ ಏನೂ ತಿಳಿಯದು. ಲೇಖಕರಿಗೆ ಬರೆದ ಪತ್ರದಲ್ಲಿ ಈ ಕಾರಣ ಕೊಟ್ಟು, ‘ಈ ಹೋಲಿಕೆ ಬೇಡ, ಬಾವಿಗಳ ಆಳ ಮತ್ತು ಪಂಪ್ ನಡೆಯುವ ಹೊತ್ತಿನ ಬಗ್ಗೆ ಎರಡನೇ ರಿವ್ಯೂವರ್ ಕೇಳಿದ್ದಕ್ಕೆ ಮಾತ್ರ ಪೂರ್ತಿ ಉತ್ತರ ಕೊಡಿ’ ಅಂತ ಸ್ಪಷ್ಟವಾಗಿ ಹೇಳಿದೆ. ಯಾವುದಕ್ಕೆ ಉತ್ತರ ಕಡ್ಡಾಯ, ಯಾವುದು ಲೇಖಕರ ಇಷ್ಟ ಅಂತ ಪತ್ರದಲ್ಲಿ ಬಿಡಿಸಿ ಬರೆಯುವುದು ಎಡಿಟರ್ ಜವಾಬ್ದಾರಿ. ತಮ್ಮದೇ ಪೇಪರ್‌ಗಳನ್ನು ಉಲ್ಲೇಖಿಸಿ ಅಂತ ಪಟ್ಟಿ ಕೊಡುವ ರಿವ್ಯೂವರ್‌ಗಳೂ ಇದ್ದಾರೆ. ವಿಷಯಕ್ಕೆ ಸಂಬಂಧ ಇಲ್ಲದಿದ್ದರೆ ಸೇರಿಸಬೇಕಾಗಿಲ್ಲ ಅಂತ ಅದನ್ನೂ ಬರೆದುಬಿಡುತ್ತೇನೆ.

ಲೇಖಕರಿಗೆ ಒಂದು ಮಾತು. ಉತ್ತರ ಬರೆಯುವಾಗ ‘ಸರಿಪಡಿಸಿದ್ದೇವೆ’ ಎಂದಷ್ಟೇ ಹೇಳಿ ಬಿಡಬೇಡಿ. ಯಾವ ಸಾಲಿನಲ್ಲಿ ಏನು ಬದಲಾಯಿತು ಅಂತ ಹೇಳಿ, ಹೊಸ ವಾಕ್ಯವನ್ನು ಅಲ್ಲೇ ಕೊಡಿ. ರಿವ್ಯೂವರ್ ಮಾತು ಒಪ್ಪಿಗೆ ಆಗದಿದ್ದರೆ ಕಾರಣ, ಅಂಕಿ ಸಮೇತ ಹಾಗೆಯೇ ಹೇಳಿ. ಗಟ್ಟಿ ಕಾರಣ ಇದ್ದರೆ ನಾನು ಲೇಖಕರ ಪರ ನಿಲ್ಲುತ್ತೇನೆ.

ಇನ್ನು ಪಿಎಚ್‌ಡಿ ಮುಗಿಸುತ್ತಿರುವವರಿಗೆ. ರಿವ್ಯೂ ಮಾಡಲು ಯಾರಾದರೂ ಕರೆಯಲಿ ಅಂತ ಕಾಯಬೇಡಿ. ನಿಮ್ಮ ಗೈಡ್‌ಗೆ ಬಂದ ಪೇಪರನ್ನು ಎಡಿಟರ್ ಒಪ್ಪಿಗೆ ಕೇಳಿ ಜೊತೆಯಲ್ಲಿ ಓದಿ. ಇಲ್ಲವಾದರೆ ಎಡಿಟರ್‌ಗೆ ನೇರವಾಗಿ ಎರಡು ಸಾಲು ಬರೆಯಿರಿ: ಯಾವ ಜಲಾನಯನದಲ್ಲಿ ಕೆಲಸ ಮಾಡಿದ್ದೀರಿ, ಯಾವ ವಿಧಾನ ಗೊತ್ತು. ಕಬಿನಿ, ತುಂಗಭದ್ರಾ ಕಡೆ ಓಡಾಡಿ ಕೈಯಾರೆ ಅಳೆದವರ ಹೆಸರು ನನ್ನ ಪಟ್ಟಿಯಲ್ಲಿ ಇನ್ನೂ ಬಹಳ ಬೇಕಾಗಿದೆ.